ಆರು ವಾರದ ತಾಳ್ಮೆ

ಮಂಡ್ಯ ಸೀಮೆಯಲ್ಲಿ ಇಂಥ ಮಕ್ಕಳಿಗೆ ಹೆಸರುಗಳ ಬರವಿಲ್ಲ. ‘ತರಲೆ’ ಎನ್ನುತ್ತಾರೆ, ‘ಕಾಲಿಗೆ ಚಕ್ರ ಕಟ್ಕಂಡು ಹುಟ್ಟಿದೋನು’ ಎನ್ನುತ್ತಾರೆ. ‘ಒಂದು ಗಳಿಗೆ ಕುಂತಲ್ಲಿ ಕೂರಕಿಲ್ಲ’ ಎಂದು ಅಜ್ಜಿ ನಗುತ್ತಾ ಹೇಳಿದ್ದನ್ನೇ ಮೇಷ್ಟ್ರು ಸಿಟ್ಟಿನಿಂದ ಹೇಳುತ್ತಾರೆ. ಶ್ರೀರಂಗಪಟ್ಟಣದ ಕೋಟೆಯೊಳಗಿನ ಶಾಲೆಯಾಗಲಿ, ನಾಗಮಂಗಲದ ಬಯಲಿನ ಶಾಲೆಯಾಗಲಿ, ಅಂಥ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ. ಅರ್ಧಕ್ಕೆ ನಿಂತ ನೋಟ್ಸು, ವಾರಕ್ಕೊಂದು ಕಳೆದುಹೋಗುವ ಪೆನ್ನು, ಪ್ರಶ್ನೆ ಮುಗಿಯುವ ಮೊದಲೇ ನುಗ್ಗಿ ಬರುವ ಉತ್ತರ. ಲೆಕ್ಕ ಗೊತ್ತಿದ್ದೂ ಕೂಡುವ ಚಿಹ್ನೆಯನ್ನು ಕಳೆಯುವುದೆಂದು ಓದಿಕೊಂಡು ಕಳೆದುಕೊಂಡ ಅಂಕಗಳು.

ಇವರಲ್ಲಿ ಕೆಲವರಿಗೆ ಇರುವುದು ಬರೀ ತುಂಟತನವಲ್ಲ. ವೈದ್ಯರು ಅದನ್ನು ಎ.ಡಿ.ಎಚ್.ಡಿ. ಎನ್ನುತ್ತಾರೆ. ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ಕನ್ನಡದಲ್ಲಿ ಹೇಳಬಹುದು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2007ರಲ್ಲಿ ಮಾಡಿದ ಲೆಕ್ಕದ ಪ್ರಕಾರ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಇಬ್ಬರು ಎಂದಾಯಿತು. ಕನಸು ಕಾಣುತ್ತಾ ಸುಮ್ಮನೆ ಕೂರುವ ಹೆಣ್ಣುಮಕ್ಕಳು ಎಷ್ಟೋ ವೇಳೆ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಅವರು ಗಲಾಟೆ ಮಾಡುವುದಿಲ್ಲ.

‘ನಮ್ಮ ಹುಡುಗನಿಗೆ ಗಮನ ಇಲ್ಲ ಅಂದರೆ ಹೇಗೆ? ಮೊಬೈಲ್ ಕೊಟ್ಟರೆ ಎರಡು ಗಂಟೆ ಅಲ್ಲಾಡುವುದಿಲ್ಲ’ ಎಂದು ಬಹುತೇಕ ತಂದೆಯರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮೊಬೈಲ್ ಆಟ ಕ್ಷಣಕ್ಕೊಮ್ಮೆ ಬಹುಮಾನ ಕೊಡುತ್ತದೆ, ಕಣ್ಣನ್ನು ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಮಗ್ಗಿ ಹಾಗೆ ಮಾಡುವುದಿಲ್ಲ. ಬೇಸರದ ಕೆಲಸದ ಮೇಲೆ ತಾನಾಗಿ ಮನಸ್ಸಿಟ್ಟು, ಅದು ಜಾರಿದಾಗ ಮತ್ತೆ ಎಳೆದು ತರುವ ಶಕ್ತಿ ಈ ಮಕ್ಕಳಲ್ಲಿ ನಿಧಾನವಾಗಿ ಬೆಳೆಯುತ್ತದೆ. ತೊಂದರೆ ಇರುವುದು ಅಲ್ಲಿ. ಸೋಮಾರಿತನದಲ್ಲಿ ಅಲ್ಲ, ಬುದ್ಧಿಯಲ್ಲಂತೂ ಅಲ್ಲ.

ಹಾಗೆಂದು ಚುರುಕಾದ ಮಗುವಿಗೆಲ್ಲ ಈ ಹೆಸರು ಹಚ್ಚುವುದೂ ತಪ್ಪು. ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಾಣಿಸಿರಬೇಕು, ಕನಿಷ್ಠ ಆರು ತಿಂಗಳು ಇರಬೇಕು, ಮನೆ ಮತ್ತು ಶಾಲೆ ಹೀಗೆ ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಶಾಲೆಯಲ್ಲಿ ಮಾತ್ರ ಹಾಗಿದ್ದರೆ ಶಾಲೆಯನ್ನೇ ಒಮ್ಮೆ ನೋಡಬೇಕಾಗುತ್ತದೆ. ಕಿವಿ, ಕಣ್ಣು ಸರಿಯಿದೆಯೇ, ರಾತ್ರಿ ನಿದ್ದೆ ಸಾಕಷ್ಟು ಆಗುತ್ತಿದೆಯೇ, ಓದು ಬರಹದ ಕಲಿಕೆಯಲ್ಲೇ ತೊಡಕಿದೆಯೇ, ಆಗಾಗ ಕೆಲವು ಸೆಕೆಂಡು ಶೂನ್ಯವಾಗಿ ನೋಡುವ ಒಂದು ಬಗೆಯ ಅಪಸ್ಮಾರವಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ಐದು ನಿಮಿಷದಲ್ಲಿ ಚೀಟಿ ಬರೆದು ಕಳಿಸುವ ಕಾಯಿಲೆ ಇದಲ್ಲ.

ಇನ್ನು ಔಷಧದ ಮಾತು. ಇದರಲ್ಲಿ ಎರಡು ಪಂಗಡ. ಒಂದು ಉತ್ತೇಜಕಗಳು, ಇನ್ನೊಂದು ಉತ್ತೇಜಕವಲ್ಲದವು. ಉತ್ತೇಜಕಗಳ ಕಥೆ ಹಳೆಯದು. 1937ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಬ್ರಾಡ್ಲಿ ತನ್ನ ಆಸ್ಪತ್ರೆಯ ಮಕ್ಕಳಿಗೆ ಬೆಂಜೆಡ್ರಿನ್ ಕೊಟ್ಟಾಗ ಅವರು ಶಾಲೆಯ ಪಾಠದಲ್ಲಿ ಮನಸ್ಸಿಡತೊಡಗಿದ್ದನ್ನು ಕಂಡು ಬರೆದ. 1944ರಲ್ಲಿ ಮೀಥೈಲ್‌ಫೆನಿಡೇಟ್ ತಯಾರಾಯಿತು. ಇವತ್ತಿಗೂ ಆರು ವರ್ಷ ದಾಟಿದ ಮಕ್ಕಳಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಇದನ್ನೇ. ಸರಾಸರಿಯಲ್ಲಿ ಇದರ ಪರಿಣಾಮವೇ ಹೆಚ್ಚು. ನುಂಗಿದ ಒಂದು ಗಂಟೆಯೊಳಗೆ ಕೆಲಸ ಆರಂಭಿಸುತ್ತದೆ, ಸಾದಾ ಮಾತ್ರೆಯಾದರೆ ಸುಮಾರು ನಾಲ್ಕು ಗಂಟೆಯಲ್ಲಿ ಇಳಿಯುತ್ತದೆ.

ಆದರೆ ನಮ್ಮಲ್ಲಿ ಇದು 1985ರ ಮಾದಕ ವಸ್ತುಗಳ ಕಾಯ್ದೆಯ ಪಟ್ಟಿಯಲ್ಲಿದೆ. ಮಾರಾಟಕ್ಕೆ, ದಾಸ್ತಾನಿಗೆ, ಲೆಕ್ಕಕ್ಕೆ ಕಟ್ಟುನಿಟ್ಟು. ಆದ್ದರಿಂದ ಸಣ್ಣ ಊರಿನ ಔಷಧದಂಗಡಿಗಳು ಅದರ ಗೋಜಿಗೇ ಹೋಗುವುದು ಕಡಿಮೆ. ಕೃಷ್ಣರಾಜಪೇಟೆಯ ಹಳ್ಳಿಯಿಂದ ಪ್ರತಿ ತಿಂಗಳೂ ಒಂದು ಮಾತ್ರೆಗೆಂದು ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತುವುದೆಂದರೆ ಒಂದು ದಿನದ ಕೂಲಿ ಹೋಯಿತು. ಇದಲ್ಲದೆ ಕೆಲವು ಮಕ್ಕಳಿಗೆ ಉತ್ತೇಜಕ ಹೊಂದುವುದಿಲ್ಲ. ಕಣ್ಣು ಮಿಟುಕಿಸುವ, ಕತ್ತು ಕುಣಿಸುವ ಚಾಳಿ ಇರುವವರು, ಆತಂಕದ ಸ್ವಭಾವದವರು, ಔಷಧ ತೆಗೆದುಕೊಂಡರೆ ನಿದ್ದೆಯೇ ಬಾರದವರು. ಮನೆಯಲ್ಲಿ ಯಾರಿಗಾದರೂ ಅಮಲಿನ ಚಟವಿದ್ದರೆ ಅಂಥ ಮಾತ್ರೆಯನ್ನು ಇಟ್ಟುಕೊಳ್ಳುವುದೂ ಅಪಾಯ. ಇಂಥ ಕಡೆ ವೈದ್ಯರು ಎರಡನೆಯ ಪಂಗಡದತ್ತ ಹೊರಳುತ್ತಾರೆ.

ಅದರಲ್ಲಿ ಮುಖ್ಯವಾದದ್ದು ಆಟೊಮಾಕ್ಸೆಟಿನ್. ಮೊದಲು ಖಿನ್ನತೆಗೆಂದು ಪರೀಕ್ಷಿಸಿದ್ದ ಔಷಧ. 2002ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಎ.ಡಿ.ಎಚ್.ಡಿ.ಗೆ ಒಪ್ಪಿಗೆ ಪಡೆದ ಮೊದಲ ಉತ್ತೇಜಕವಲ್ಲದ ಔಷಧ ಇದೇ. ಭಾರತದಲ್ಲೂ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ. ಮೆದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಕೋಶಗಳು ಬೇಗ ಹಿಂದಕ್ಕೆ ಹೀರಿಕೊಳ್ಳದಂತೆ ಇದು ತಡೆಯುತ್ತದೆ. ಚಟವಾಗುವ ಗುಣ ಇದಕ್ಕಿಲ್ಲ.

ಇಷ್ಟು ಕೇಳಿದರೆ ಇದೇ ಒಳ್ಳೆಯದಲ್ಲವೇ ಅನ್ನಿಸುತ್ತದೆ. ತೊಡಕಿರುವುದು ಒಂದೇ ಕಡೆ. ಇದು ನಿಧಾನ. ಕನ್ನಂಬಾಡಿಯಲ್ಲಿ ತೂಬು ಎತ್ತಿದ ದಿನವೇ ನಾಲೆಯ ಕೊನೆಯ ಗದ್ದೆಗೆ ನೀರು ಬಂದುಬಿಡುತ್ತದೆಯೇ? ಹಾಗೆಯೇ. ಒಂದೆರಡು ವಾರದಲ್ಲಿ ಸಣ್ಣ ಬದಲಾವಣೆ ಕಂಡರೆ ಕಾಣಬಹುದು. ಇದು ಹಿಡಿಯಿತೋ ಇಲ್ಲವೋ ಎಂದು ಹೇಳಲು ಸರಿಯಾದ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಬೇಕು. ಪೂರ್ಣ ಪರಿಣಾಮಕ್ಕೆ ಕೆಲವೊಮ್ಮೆ ಹನ್ನೆರಡು ವಾರ. ಆದರೆ ಅಡ್ಡಪರಿಣಾಮಗಳು ಅಷ್ಟು ಕಾಯುವುದಿಲ್ಲ. ಅವು ಮೊದಲ ವಾರದಲ್ಲೇ ಬಾಗಿಲು ತಟ್ಟುತ್ತವೆ. ಪೋಷಕರ ಕಷ್ಟವೆಲ್ಲ ಈ ನಡುವಿನ ಅವಧಿಯಲ್ಲಿದೆ.

ಪಾಂಡವಪುರದ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಹುಡುಗ ನಾಲ್ಕನೇ ತರಗತಿ, 25 ಕೆ.ಜಿ. ತೂಕ. ತಂದೆಗೆ ಕಬ್ಬಿನ ಗದ್ದೆ, ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾಳೆ. ವೈದ್ಯರು ದಿನಕ್ಕೆ 10 ಮಿಲಿಗ್ರಾಂನ ಒಂದು ಕ್ಯಾಪ್ಸೂಲ್ ಬರೆದು, ಒಂದೆರಡು ವಾರ ಬಿಟ್ಟು ಹೆಚ್ಚಿಸೋಣ ಎಂದಿದ್ದಾರೆ. ಈ ಔಷಧದ ಲೆಕ್ಕ ಮಗುವಿನ ತೂಕದ ಮೇಲೆ ನಡೆಯುತ್ತದೆ. ಮೊದಲು ಕೆ.ಜಿ.ಗೆ ಸುಮಾರು ಅರ್ಧ ಮಿಲಿಗ್ರಾಂ, ಆಮೇಲೆ ಸುಮಾರು 1.2 ಮಿಲಿಗ್ರಾಂವರೆಗೆ. ಪಕ್ಕದ ಮನೆಯ ಮಗುವಿನ ಪ್ರಮಾಣ ನಿಮ್ಮ ಮಗುವಿಗೆ ಹೊಂದದಿರುವುದು ಇದರಿಂದಲೇ.

ಮೊದಲ ದಿನ ಬೆಳಿಗ್ಗೆ ಶಾಲೆಯ ವ್ಯಾನು ಬರುವ ಗಡಿಬಿಡಿಯಲ್ಲಿ ತಾಯಿ ಬರಿಹೊಟ್ಟೆಗೆ ಕ್ಯಾಪ್ಸೂಲ್ ನುಂಗಿಸುತ್ತಾಳೆ. ಹುಡುಗ ವ್ಯಾನಿನಲ್ಲೇ ವಾಂತಿ ಮಾಡಿಕೊಳ್ಳುತ್ತಾನೆ. ಎರಡನೆಯ ದಿನ ಮಧ್ಯಾಹ್ನದ ಬಿಸಿಯೂಟ ಹಾಗೇ ಬಿಟ್ಟಿದ್ದಾನೆಂದು ಶಾಲೆಯಿಂದ ಸುದ್ದಿ. ಐದನೆಯ ದಿನ ತರಗತಿಯಲ್ಲಿ ತೂಕಡಿಕೆ. ಸಂಜೆ ಕಾರಣವಿಲ್ಲದೆ ಅಳು, ತಂಗಿಯ ಮೇಲೆ ಸಿಟ್ಟು. ಇಷ್ಟಾದರೂ ನೋಟ್ಸು ಅರ್ಧಕ್ಕೇ ನಿಂತಿದೆ, ಪೆನ್ನು ಕಳೆಯುತ್ತಲೇ ಇದೆ. ಎರಡನೆಯ ಭಾನುವಾರ ಅಜ್ಜಿ ಬಾಯಿ ಬಿಡುತ್ತಾಳೆ: ‘ಎಳೇ ಮಗೀಗೆ ತಲೆ ಮಾತ್ರೆ ಕೊಡ್ತಾರೇನವ್ವಾ? ಅವರಪ್ಪನೂ ಹಿಂಗೇ ಇದ್ದ. ಈಗ ಗದ್ದೆ ಮಾಡ್ಕಂಡು ಚೆನ್ನಾಗಿಲ್ವಾ?’

ಹದಿನೈದನೆಯ ದಿನಕ್ಕೆ ಡಬ್ಬಿ ಅಟ್ಟ ಸೇರುತ್ತದೆ. ಮುಂದೆ ಯಾರಾದರೂ ಕೇಳಿದರೆ ‘ಕೊಟ್ಟು ನೋಡಿದ್ವಿ, ಹಿಡೀಲಿಲ್ಲ’ ಎಂಬ ಉತ್ತರ. ವಾಸ್ತವದಲ್ಲಿ ಔಷಧವನ್ನು ಪರೀಕ್ಷೆ ಮಾಡಿಯೇ ಇಲ್ಲ. ಸರಿಯಾದ ಪ್ರಮಾಣಕ್ಕೆ ಮಗು ಇನ್ನೂ ಮುಟ್ಟಿರಲಿಲ್ಲ. ಆ ತಾಯಿಯನ್ನು ದೂರುವುದು ಅನ್ಯಾಯ. ತಮ್ಮ ಕಣ್ಣೆದುರು ಸಪ್ಪಗಾಗುತ್ತಿರುವ ಮಗುವಿಗೆ, ಲಾಭವೇನೂ ಕಾಣದೆ, ದಿನದಿನವೂ ಮಾತ್ರೆ ಕೊಡುವುದು ಯಾವ ತಾಯಿಗೂ ಸುಲಭವಲ್ಲ. ಏನಾಗುತ್ತದೆ, ಯಾವಾಗ ಆಗುತ್ತದೆ ಎಂದು ಮೊದಲೇ ಹೇಳಿದವರಿಲ್ಲ ಎಂಬುದೇ ದೊಡ್ಡ ಕೊರತೆ. ಹೊರರೋಗಿ ವಿಭಾಗದ ನೂಕುನುಗ್ಗಲಿನಲ್ಲಿ ಹೇಳಲು ಪುರಸತ್ತಾದರೂ ಎಲ್ಲಿ?

ಇದೇ ಮನೆಯಲ್ಲಿ ಮೊದಲೇ ತಿಳಿಸಿದ್ದರೆ ಅದೇ ಆರು ವಾರ ಬೇರೆ ರೀತಿ ಸಾಗುತ್ತಿತ್ತು. ಮೊದಲನೆಯದಾಗಿ, ಔಷಧ ಊಟದ ಜೊತೆ. ಎರಡು ಇಡ್ಲಿಯೋ ಅರ್ಧ ರೊಟ್ಟಿಯೋ ಒಳಗೆ ಹೋದ ಮೇಲೆ ಕೊಟ್ಟರೆ ಹೊಟ್ಟೆ ತೊಳಸುವುದು ಎಷ್ಟೋ ಕಡಿಮೆ. ತೂಕಡಿಕೆ ಹೆಚ್ಚಾದರೆ ವೈದ್ಯರನ್ನು ಕೇಳಿ ರಾತ್ರಿ ಊಟದ ಹೊತ್ತಿಗೆ ಬದಲಾಯಿಸಬಹುದು, ಇಲ್ಲವೇ ಎರಡು ಹೊತ್ತಿಗೆ ಹಂಚಬಹುದು. ಹೊಟ್ಟೆ ತೊಳಸುವಿಕೆ, ಸುಸ್ತು ಬಹಳ ಮಕ್ಕಳಲ್ಲಿ ಕೆಲವು ವಾರದಲ್ಲಿ ತಾವಾಗಿ ಇಳಿಯುತ್ತವೆ. ಮಧ್ಯಾಹ್ನ ಹಸಿವಿಲ್ಲದಿದ್ದರೆ ಬೆಳಿಗ್ಗೆ ಮತ್ತು ರಾತ್ರಿ ಚೆನ್ನಾಗಿ ಉಣಿಸಬೇಕು. ಹಾಲು, ಮೊಟ್ಟೆ, ಕಡಲೆಕಾಯಿ, ಬಾಳೆಹಣ್ಣು ಯಾವುದಾದರೂ ಸರಿ.

ಕ್ಯಾಪ್ಸೂಲ್ ನುಂಗಿಸುವುದೇ ದೊಡ್ಡ ಸಾಹಸವಾಗುವ ಮನೆಗಳೂ ಇವೆ. ಬಿಡಿಸಿ ಪುಡಿಯನ್ನು ರಾಗಿ ಗಂಜಿಗೋ ಜೇನಿಗೋ ಬೆರೆಸಿಬಿಡೋಣ ಎಂದು ತೋರುವುದು ಸಹಜ. ಅದು ಕೂಡದು. ಆ ಪುಡಿ ಕಣ್ಣಿಗೆ ತಾಗಿದರೆ ಉರಿ ಎಬ್ಬಿಸುತ್ತದೆ. ಇಡಿಯಾಗಿಯೇ ನುಂಗಬೇಕು. ಮುದ್ದೆಯನ್ನು ಅಗಿಯದೆ ನುಂಗುವ ಸೀಮೆಯ ಮಕ್ಕಳಿಗೆ ಇದನ್ನು ಕಲಿಸುವುದು ಕಷ್ಟವೇ? ಔಷಧ ಆರಂಭಿಸುವ ಒಂದು ವಾರ ಮೊದಲು ಸಾರಿನಲ್ಲಿ ಅದ್ದಿದ ಬಟಾಣಿಗಿಂತ ಚಿಕ್ಕ ಮುದ್ದೆ ಚೂರಿನಿಂದ ಅಭ್ಯಾಸ ಮಾಡಿಸಿ ನೋಡಬಹುದು. ಮಗು ನೆಟ್ಟಗೆ ಕೂತಿರಬೇಕು, ಪಕ್ಕದಲ್ಲಿ ನೀರಿರಬೇಕು, ಅವಸರ ಮಾಡಬಾರದು.

ಎರಡನೆಯದು ಬರೆದಿಡುವುದು. ಇದಕ್ಕೆ ಗೋಡೆಯ ಮೇಲಿನ ಒಂಟಿಕೊಪ್ಪಲ್ ಪಂಚಾಂಗದ ಕ್ಯಾಲೆಂಡರೇ ಸಾಕು. ದಿನಕ್ಕೆ ಮೂರೇ ಸಂಗತಿ: ಇವತ್ತು ಎಷ್ಟು ಹೊತ್ತು ಕೂತು ಬರೆದ, ಎಷ್ಟು ಬಾರಿ ಕರೆದ ಮೇಲೆ ಓಗೊಟ್ಟ, ಊಟ ನಿದ್ದೆ ಹೇಗೆ. ಯಾಕೆಂದರೆ ಈ ಔಷಧದ ಗುಣ ಬರುವುದು ಗೊತ್ತಾಗದ ಹಾಗೆ. ಉತ್ತೇಜಕ ಕೊಟ್ಟ ದಿನವೇ ‘ಬೇರೆ ಮಗುವಿನ ಹಾಗಿದ್ದ’ ಎನ್ನುವ ತಾಯಂದಿರುಂಟು. ಇಲ್ಲಿ ಅಂಥ ದಿನ ಯಾವುದೂ ಬರುವುದಿಲ್ಲ. ಜೊತೆಗೇ ಇರುವ ತಾಯಿಗಿಂತ ವಾರಕ್ಕೊಮ್ಮೆ ನೋಡುವ ಸೋದರತ್ತೆಯೋ, ಟ್ಯೂಷನ್ ಮೇಡಂ ಅವರೋ ಮೊದಲು ಗುರುತಿಸಿದರೆ ಆಶ್ಚರ್ಯವಿಲ್ಲ. ಐದು ನಿಮಿಷ ಕೂರುತ್ತಿದ್ದವನು ಹದಿನೈದು ನಿಮಿಷ ಕೂತ. ಚಪ್ಪಲಿ ಎರಡೂ ಮನೆಗೆ ಬಂದವು. ಹೊಡೆಯಲು ಎತ್ತಿದ ಕೈಯನ್ನು ತಾನೇ ಇಳಿಸಿದ. ಗುಣವೆಂದರೆ ಇಂಥವೇ. ಮಗು ಬೊಂಬೆಯ ಹಾಗೆ ಕೂರುವುದು ಗುಣವಲ್ಲ. ಹಾಗೆ ಕೂತರೆ ಪ್ರಮಾಣ ಹೆಚ್ಚಾಗಿದೆಯೇ ಎಂದು ವೈದ್ಯರನ್ನು ಕೇಳಬೇಕು.

ಮೂರನೆಯದು, ಈ ಔಷಧಕ್ಕೆ ಭಾನುವಾರವಿಲ್ಲ. ಉತ್ತೇಜಕ ತೆಗೆದುಕೊಳ್ಳುವ ಕೆಲವು ಮಕ್ಕಳಿಗೆ ರಜೆಯ ದಿನ ಬಿಡಲು ವೈದ್ಯರು ಹೇಳುವುದುಂಟು. ಆಸ್ಪತ್ರೆಯ ಬೆಂಚಿನ ಮೇಲೆ ಇನ್ನೊಬ್ಬ ತಾಯಿಯಿಂದ ಇದನ್ನು ಕೇಳಿಸಿಕೊಂಡು ಬಂದು ಆಟೊಮಾಕ್ಸೆಟಿನ್‌ಗೂ ಅನ್ವಯಿಸಿದರೆ ಕೆಲಸ ಕೆಟ್ಟಿತು. ಇದು ಪ್ರತಿದಿನ ಬೇಕು. ಹೇಮಗಿರಿ ಜಾತ್ರೆಗೆ ಹೊರಟರೂ, ಅಜ್ಜಿಯ ಊರಿಗೆ ಬೇಸಿಗೆ ರಜೆಗೆ ಹೋದರೂ ಡಬ್ಬಿ ಜೊತೆಯಲ್ಲಿರಲಿ. ಬೆಳಿಗ್ಗೆ ಮರೆತರೆ ಅದೇ ದಿನ ನೆನಪಾದಾಗ ಕೊಡಬಹುದು. ಆದರೆ ಮಾರನೆಯ ದಿನ ಎರಡು ಸೇರಿಸಿ ಕೊಡಬಾರದು. ಅಂಗಡಿಯಲ್ಲಿ ಸದಾ ದಾಸ್ತಾನು ಇರುತ್ತದೆಂಬ ಭರವಸೆಯೂ ಬೇಡ. ಇನ್ನೊಂದು ವಾರದ್ದು ಉಳಿದಿರುವಾಗಲೇ ಹೇಳಿ ತರಿಸಿಕೊಳ್ಳುವುದು ಜಾಣತನ. ಒಂದೇ ಔಷಧ ಬೇರೆ ಬೇರೆ ಕಂಪನಿಯಿಂದ ಬೇರೆ ಬೇರೆ ಬೆಲೆಗೆ ಬರುತ್ತದೆ. ಕೈಗೆಟುಕುವುದು ಯಾವುದೆಂದು ವೈದ್ಯರನ್ನು ಕೇಳಲು ಸಂಕೋಚವೇಕೆ?

ಇನ್ನು ಅಪರೂಪದ, ಆದರೆ ತಿಳಿದಿರಲೇಬೇಕಾದ ಅಪಾಯಗಳು. ಬಹಳ ವಿರಳವಾಗಿ ಈ ಔಷಧ ಪಿತ್ತಜನಕಾಂಗಕ್ಕೆ ಹಾನಿ ಮಾಡಿದೆ. ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು, ಮೈ ತುರಿಕೆ, ಹೊಟ್ಟೆಯ ಬಲ ಮೇಲ್ಭಾಗದ ನೋವು ಇದರ ಸೂಚನೆ. ನಮ್ಮ ಕಡೆ ಕಣ್ಣು ಹಳದಿಯಾಯಿತೆಂದರೆ ಕಾಮಾಲೆಯೆಂದು ನಾಟಿ ಔಷಧ ಹಾಕಿಸಲು ಓಡುವ ರೂಢಿಯಿದೆ. ಈ ಮಗುವಿನ ವಿಷಯದಲ್ಲಿ ಹಾಗೆ ಮಾಡದೆ, ಔಷಧ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಇನ್ನೊಂದು ಸಂಗತಿ ಕೇಳಲು ಕಷ್ಟವಾದದ್ದು. 2005ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಔಷಧದ ಮೇಲೆ ದಪ್ಪಕ್ಷರದ ಎಚ್ಚರಿಕೆ ಹಾಕಿಸಿತು. ಪ್ರಯೋಗಗಳಲ್ಲಿ ಔಷಧ ಪಡೆದ 1,357 ಮಕ್ಕಳಲ್ಲಿ 5 ಮಕ್ಕಳಿಗೆ ಸಾಯಬೇಕೆಂಬ ಯೋಚನೆ ಬಂದಿತ್ತು. ಬರೀ ಸಕ್ಕರೆ ಮಾತ್ರೆಯಂಥದನ್ನು ಪಡೆದ 851 ಮಕ್ಕಳಲ್ಲಿ ಯಾರಿಗೂ ಬಂದಿರಲಿಲ್ಲ. ಆ ಪ್ರಯೋಗಗಳಲ್ಲಿ ಯಾವ ಮಗುವೂ ಪ್ರಾಣ ಕಳೆದುಕೊಳ್ಳಲಿಲ್ಲ. ಸಾವಿರಕ್ಕೆ ನಾಲ್ಕರಷ್ಟು ಎಂದರೆ ಕಡಿಮೆಯೇ. ಆದರೂ ಮೊದಲ ಕೆಲವು ತಿಂಗಳು, ಪ್ರಮಾಣ ಬದಲಾದಾಗಲೆಲ್ಲ, ಮಗು ಹಿಂದೆಂದೂ ಇಲ್ಲದಷ್ಟು ಮಂಕಾಗಿದೆಯೇ, ವಿಪರೀತ ಕೆರಳುತ್ತಿದೆಯೇ, ‘ನಾನಿರಬಾರದಿತ್ತು’ ಎಂಬಂಥ ಮಾತಾಡುತ್ತಿದೆಯೇ ಎಂದು ಗಮನಿಸಬೇಕು. ಅಂಥ ಮಾತು ಕೇಳಿದರೆ ಗದರಿಸಿ ಬಾಯಿ ಮುಚ್ಚಿಸದೆ, ಮಗುವನ್ನು ಒಂಟಿಯಾಗಿ ಬಿಡದೆ, ಕೂಡಲೇ ವೈದ್ಯರಿಗೆ ತಿಳಿಸಬೇಕು. ಹಳ್ಳಿಮನೆಯಲ್ಲಿ ಕೀಟನಾಶಕದ ಡಬ್ಬಿಗಳು ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿರಬೇಕೆಂಬುದನ್ನು ಬೇರೆ ಹೇಳಬೇಕಿಲ್ಲ.

ಹೃದಯದ ಬಡಿತ, ರಕ್ತದ ಒತ್ತಡ ಸ್ವಲ್ಪ ಏರಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲಿ ನಾಡಿ, ಒತ್ತಡ, ತೂಕ, ಎತ್ತರ ನೋಡಿಸಬೇಕು. ಮನೆತನದಲ್ಲಿ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರಿದ್ದರೆ, ಮಗುವಿಗೆ ಹೃದಯದ ತೊಂದರೆಯಿದ್ದರೆ, ಉಬ್ಬಸಕ್ಕೆ ಔಷಧ ನಡೆಯುತ್ತಿದ್ದರೆ ಮೊದಲ ದಿನವೇ ಹೇಳಬೇಕು. ಮನೆಯಲ್ಲಿ ಕೊಡುವ ಬ್ರಾಹ್ಮಿ, ಅರಿಷ್ಟಗಳ ವಿಷಯವನ್ನೂ ಮುಚ್ಚಿಡಬಾರದು. ವೈದ್ಯರು ಬಯ್ದಾರೆಂಬ ಭಯಕ್ಕಿಂತ ಎರಡು ಔಷಧ ಹೊಟ್ಟೆಯಲ್ಲಿ ಜಗಳವಾಡಿಯಾವೆಂಬ ಭಯ ಇರಲಿ.

ಎರಡನೆಯ ಔಷಧ ಕ್ಲೋನಿಡಿನ್. ಮೂಲತಃ ರಕ್ತದೊತ್ತಡದ ಮಾತ್ರೆ. ದೊಡ್ಡವರಿಗೆ ಒತ್ತಡಕ್ಕೆಂದು ಕೊಡುವ ಮಾತ್ರೆಯನ್ನು ಮಗುವಿಗೆ ಬರೆದದ್ದು ಕಂಡು ‘ಡಾಕ್ಟರು ತಪ್ಪಿ ಬರೆದಿದ್ದಾರೆ’ ಎಂದು ತಂದೆತಾಯಂದಿರು ಗಾಬರಿಯಾಗುವುದುಂಟು. ತಪ್ಪಲ್ಲ. ನಿಧಾನವಾಗಿ ಬಿಡುಗಡೆಯಾಗುವ ಅದರ ರೂಪಕ್ಕೆ 2010ರಲ್ಲಿ ಅಮೆರಿಕದಲ್ಲಿ ಎ.ಡಿ.ಎಚ್.ಡಿ.ಗೂ ಒಪ್ಪಿಗೆ ಸಿಕ್ಕಿದೆ. ಅತಿ ಚಟುವಟಿಕೆ, ಮುಂಗೋಪ, ನಿದ್ದೆಯ ತೊಂದರೆ, ಕಣ್ಣು ಮಿಟುಕಿಸುವ ಚಾಳಿ ಇರುವ ಮಕ್ಕಳಲ್ಲಿ ಇದು ಉಪಯೋಗಕ್ಕೆ ಬರುತ್ತದೆ. ತೂಕಡಿಕೆ, ಬಾಯಿ ಒಣಗುವುದು, ಎದ್ದು ನಿಂತಾಗ ತಲೆ ತಿರುಗುವುದು ಇದರ ತೊಂದರೆಗಳು. ಇದನ್ನು ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಥಟ್ಟನೆ ಮೇಲೇರುತ್ತದೆ. ವೈದ್ಯರು ಹೇಳಿದಂತೆ ಹಂತಹಂತವಾಗಿಯೇ ಇಳಿಸಬೇಕು. ‘ಮಾತ್ರೆ ಮುಗಿಯಿತು, ಮುಂದಿನ ಸಂತೆಗೆ ತಂದರಾಯಿತು’ ಎನ್ನುವುದು ಇಲ್ಲಿ ನಡೆಯದು.

ಅಜ್ಜಿಯ ಮಾತಿಗೆ ಹಿಂದಿರುಗೋಣ. ‘ಅವರಪ್ಪನೂ ಹಿಂಗೇ ಇದ್ದ’ ಎಂದಳಲ್ಲ, ಅದನ್ನು ವೈದ್ಯರು ಕೇಳಿದರೆ ಕಿವಿ ನೆಟ್ಟಗಾಗುತ್ತದೆ. ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನಗಳು ತೋರಿಸಿರುವಂತೆ ಈ ತೊಂದರೆಯಲ್ಲಿ ವಂಶದ ಪಾಲು ಬಹಳ ದೊಡ್ಡದು. ಅಜ್ಜಿ ವಿರೋಧಿಸುತ್ತಿದ್ದೇನೆಂದುಕೊಂಡು ರೋಗದ ಚರಿತ್ರೆಯನ್ನೇ ಹೇಳಿಬಿಟ್ಟಿದ್ದಾಳೆ! ಮುಂದಿನ ಭೇಟಿಗೆ ಅವಳನ್ನೂ ಕರೆದುಕೊಂಡು ಹೋಗುವುದು ಒಳ್ಳೆಯದು. ಮನೆಯಲ್ಲಿ ಮಗುವಿಗೆ ಉಣಿಸುವವರು ಒಪ್ಪದ ಔಷಧ ಆರು ವಾರ ಮುಟ್ಟುವುದಿಲ್ಲ. ಆ ‘ಚೆನ್ನಾಗಿರುವ’ ಅಪ್ಪನನ್ನೂ ಕೇಳಬೇಕು. ಏಳನೇ ತರಗತಿಗೇ ಶಾಲೆ ಬಿಟ್ಟದ್ದು, ತಿಂದ ಏಟುಗಳು ಅವನಿಗೆ ನೆನಪಿರುತ್ತವೆ. ಮಗನ ಔಷಧಕ್ಕೆ ಎಲ್ಲರಿಗಿಂತ ಮೊದಲು ಅವನೇ ಹೂಂ ಅಂದರೂ ಅನ್ನಬಹುದು.

ಶಾಲೆಯ ಪಾಲೂ ಇದೆ. ಔಷಧ ಮನಸ್ಸನ್ನು ಒಂದೆಡೆ ನಿಲ್ಲಿಸಲು ನೆರವಾಗುತ್ತದೆಯೇ ಹೊರತು ಬಿಟ್ಟುಹೋದ ಭಾಗಾಕಾರವನ್ನು ಕಲಿಸುವುದಿಲ್ಲ. ಅದನ್ನು ಯಾರಾದರೂ ಕೂರಿಸಿ ಹೇಳಿಕೊಡಬೇಕು. ಹುಡುಗನನ್ನು ಮುಂದಿನ ಬೆಂಚಿನಲ್ಲಿ ಕೂರಿಸುವುದು, ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ನಡುನಡುವೆ ಬೋರ್ಡು ಒರೆಸಲು, ಹಾಜರಿ ಪುಸ್ತಕ ತರಲು ಕಳಿಸಿ ಕಾಲಿಗೆ ಕೆಲಸ ಕೊಡುವುದು, ಹತ್ತು ಲೆಕ್ಕದ ಬದಲು ಐದು ಲೆಕ್ಕ ಸರಿ ಮಾಡಿದರೆ ಅದಕ್ಕೇ ಶಹಬ್ಬಾಸ್ ಹೇಳುವುದು. ಇದಕ್ಕೆ ಹಣ ಬೇಡ. ಹೊಡೆತವಂತೂ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ನಿಷಿದ್ಧ. ಕಾಯ್ದೆಯ ಮಾತು ಬಿಟ್ಟರೂ, ಹೊಡೆತದಿಂದ ಗಮನ ಬೆಳೆದದ್ದನ್ನು ಕಂಡವರಿಲ್ಲ. ಆರು ವರ್ಷಕ್ಕಿಂತ ಚಿಕ್ಕ ಮಕ್ಕಳಲ್ಲಿ ಔಷಧಕ್ಕಿಂತ ಮೊದಲು ತಂದೆತಾಯಂದಿರಿಗೆ ತರಬೇತಿ, ದಿನಚರಿಯ ಶಿಸ್ತು ಇವೇ ಚಿಕಿತ್ಸೆ. ದೊಡ್ಡ ಮಕ್ಕಳಲ್ಲೂ ಇವನ್ನು ಬಿಡುವಂತಿಲ್ಲ.

ಎಸ್ಸೆಸ್ಸೆಲ್ಸಿಯ ಪೋಷಕರಿಗೆ ಒಂದು ಮಾತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂತೆಂದು ಫೆಬ್ರುವರಿಯಲ್ಲಿ ಓಡಿಹೋಗಿ ಆಟೊಮಾಕ್ಸೆಟಿನ್ ಆರಂಭಿಸಿದರೆ ಪರೀಕ್ಷೆಯ ಹೊತ್ತಿಗೆ ತೂಕಡಿಕೆ ಇರುತ್ತದೆ, ಗುಣ ಇರುವುದಿಲ್ಲ. ಇಂಥ ಔಷಧಕ್ಕೆ ಜೂನ್ ತಿಂಗಳು ವಾಸಿ. ಹೊಸ ಮೇಷ್ಟ್ರಿಗೂ ಆಗಲೇ ವಿಷಯ ತಿಳಿಸಿದಂತಾಗುತ್ತದೆ.

ಎಲ್ಲ ಮಾಡಿಯೂ ಔಷಧ ಹಿಡಿಯದ ಮಕ್ಕಳಿದ್ದಾರೆ. ಸರಿಯಾದ ಪ್ರಮಾಣದಲ್ಲಿ ಎರಡು ಮೂರು ತಿಂಗಳು ಕೊಟ್ಟು, ಕ್ಯಾಲೆಂಡರಿನಲ್ಲಿ ಏನೂ ವ್ಯತ್ಯಾಸ ಕಾಣದಿದ್ದರೆ ಅದನ್ನು ಒಪ್ಪಿಕೊಂಡು ಬೇರೆ ದಾರಿ ನೋಡಬೇಕು. ಅದು ಯಾರ ಸೋಲೂ ಅಲ್ಲ. ಆದರೆ ‘ಹಿಡಿಯಲಿಲ್ಲ’ ಎನ್ನುವುದಕ್ಕೂ ‘ಹಿಡಿಯಲು ಬಿಡಲಿಲ್ಲ’ ಎನ್ನುವುದಕ್ಕೂ ವ್ಯತ್ಯಾಸವಿದೆ. ಮುಂದಿನ ಔಷಧ ಆರಿಸುವ ವೈದ್ಯರಿಗೆ ಆ ವ್ಯತ್ಯಾಸ ಗೊತ್ತಾಗಬೇಕು.

ಹೋಗುವುದೆಲ್ಲಿಗೆ? ಈ ನಾಲ್ಕು ತಾಲ್ಲೂಕಿನವರಿಗೆ ದಾರಿ ತೀರಾ ದೂರವಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಶ್ರೀರಂಗಪಟ್ಟಣದವರಿಗೆ ಮೈಸೂರು ಸುಮಾರು 15 ಕಿ.ಮೀ. ಅಲ್ಲಿ ಕೆ.ಆರ್. ಆಸ್ಪತ್ರೆ ಇದೆ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ, ಮಾತು, ಕಲಿಕೆಯ ತೊಡಕುಗಳ ಪರೀಕ್ಷೆ ನಡೆಯುತ್ತದೆ. ಬಿಡಿಸಲಾರದ ಗಂಟಾದರೆ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗ. ತಾಲ್ಲೂಕು ಆಸ್ಪತ್ರೆಗೆ ಮಂಗಳವಾರಗಳಂದು ಮನೋವೈದ್ಯರು ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಆರಂಭಿಸಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ದಿನ ಬರುತ್ತಾರೆಂದು ಮೊದಲೇ ವಿಚಾರಿಸಿಕೊಂಡು ಹೋದರೆ ಬಸ್ಸಿನ ದುಡ್ಡು ಉಳಿಯುತ್ತದೆ. ಬಸ್ಸು ಹತ್ತುವ ಮೊದಲು ಮಾತಾಡಬೇಕೆನಿಸಿದರೆ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆ ಇದೆ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಹಳೆಯ ಚೀಟಿಗಳು, ಅಂಕಪಟ್ಟಿ, ಒಂದೆರಡು ಅರ್ಧ ಬರೆದ ನೋಟ್ ಪುಸ್ತಕ, ತರಗತಿಯ ಮೇಷ್ಟ್ರು ಬರೆದುಕೊಟ್ಟ ನಾಲ್ಕು ಸಾಲು ಜೊತೆಗಿರಲಿ. ಮಗು ಎಂಟನೆಯದೋ ಒಂಬತ್ತನೆಯದೋ ತರಗತಿಯಲ್ಲಿದ್ದರೆ ಎಲ್ಲವನ್ನೂ ಅವನ ತಲೆಯ ಮೇಲಿಂದ ಮಾತಾಡಬೇಡಿ. ‘ಇದನ್ನು ಎಷ್ಟು ವರ್ಷ ತಗೋಬೇಕು?’, ‘ಆಟಕ್ಕೆ ಹೋಗಬಹುದಾ?’, ‘ಫ್ರೆಂಡ್ಸ್‌ಗೆ ಗೊತ್ತಾಗುತ್ತಾ?’ ಎಂದು ಅವನಿಗೇ ಕೇಳುವುದಿರುತ್ತದೆ. ಆಟಕ್ಕೆ ಧಾರಾಳವಾಗಿ ಹೋಗಬಹುದು, ಹೋಗಲೇಬೇಕು. ಯಾರಿಗೆ ಹೇಳಬೇಕು, ಬೇಡ ಎಂಬುದು ಅವನಿಗೇ ಬಿಟ್ಟದ್ದು. ಎಷ್ಟು ವರ್ಷ ಎಂಬುದಕ್ಕೆ ಯಾವ ವೈದ್ಯರೂ ಮೊದಲ ದಿನ ಉತ್ತರ ಹೇಳಲಾರರು. ವರ್ಷಕ್ಕೊಮ್ಮೆಯಾದರೂ ಔಷಧ ಇನ್ನೂ ಬೇಕೇ ಎಂದು ಕೂತು ನೋಡುತ್ತಾರೆ. ಆ ದಿನ ಹಳೆಯ ವರ್ಷದ ಕ್ಯಾಲೆಂಡರನ್ನೂ ಸುರುಳಿ ಸುತ್ತಿ ಕೊಂಡೊಯ್ಯಿರಿ.